ಊರು ಕಟ್ಟುವ ವಿದ್ಯೆಯ ದೇಶಾಟನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟರು. ಊರು ಕಟ್ಟಿ ನೋಡು ಎಂದು ಮಾತ್ರ ಅವರು ಹೇಳಲಿಲ್ಲ. ಊರೆಂಬುದು ಒಬ್ಬ ಯಜಮಾನನು ಮೇಸ್ತ್ರಿಯನ್ನು ಕರೆಸಿ ಕಟ್ಟಿಸುವ ವಸ್ತುವಲ್ಲ. ಕೆರೆಯ ಏರಿ, ಸಂತೆಯ ಮಾಳ, ಗುಡಿಯ ಮುಂದಿನ ರಥಬೀದಿ, ಕುಂಬಾರರ ಕೇರಿ, ಅರಳಿಯ ಕಟ್ಟೆ ಹೀಗೆ ಒಂದೊಂದು ಅಗತ್ಯಕ್ಕೆ ಒಂದೊಂದಾಗಿ ಬೆಳೆದು ಬಂದದ್ದು ಎಂಬ ತಿಳಿವಳಿಕೆ ಅವರಿಗಿದ್ದಿರಬೇಕು. ಆದರೆ ಇಪ್ಪತ್ತನೆಯ ಶತಮಾನವು ಊರು ಕಟ್ಟುವುದನ್ನೂ ಒಂದು ವಿದ್ಯೆಯೆಂದು ಎಣಿಸಿತು. ಅದಕ್ಕಾಗಿ ತರಗತಿಗಳನ್ನು ತೆರೆಯಿತು, ಪ್ರಾಧ್ಯಾಪಕರನ್ನು ನೇಮಿಸಿತು, ಪರೀಕ್ಷೆ ನಡೆಸಿ ಪದವಿಯನ್ನೂ ಕೊಟ್ಟಿತು.

ಈ ವಿದ್ಯೆ ಹುಟ್ಟಿದಂದಿನಿಂದಲೂ ಒಂದು ಕಡೆ ನಿಂತದ್ದಲ್ಲ. ಹಡಗು ಹತ್ತಿ, ವಿಮಾನ ಏರಿ, ಕೆಲವು ವೇಳೆ ಅಂಚೆಯ ಚೀಲದಲ್ಲಿ ಕುಳಿತು, ಅದು ದೇಶದಿಂದ ದೇಶಕ್ಕೆ ಸಂಚರಿಸಿತು. ಇಂದು ಒಂದೇ ತರಗತಿಯಲ್ಲಿ ಹತ್ತು ದೇಶಗಳ ವಿದ್ಯಾರ್ಥಿಗಳು ಕೂಡುತ್ತಾರೆ. ಒಂದು ಊರಿನ ನಕಾಶೆ ಇನ್ನೊಂದು ಖಂಡದಲ್ಲಿ ಸಿದ್ಧವಾಗುತ್ತದೆ. ಹೀಗಿರಲು ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಒಂದು ನಾಡಿನಲ್ಲಿ ಕಲಿತ ಪಾಠದಿಂದ ಇನ್ನೊಂದು ನಾಡಿನ ಊರನ್ನು ತಿದ್ದಬಹುದೆ? ತಿದ್ದಬಹುದಾದರೆ ಆ ಪಾಠ ಎಂಥದಾಗಿರಬೇಕು? ಈ ಪ್ರಶ್ನೆ ಹೊಸದಲ್ಲ. ನೂರು ವರ್ಷಗಳಿಗೂ ಮಿಗಿಲಾದ ಅದರ ಚರಿತ್ರೆಯಲ್ಲಿ ನಮ್ಮ ಮದ್ರಾಸು, ಇಂದೂರು, ಬೆಂಗಳೂರುಗಳಿಗೂ ಪಾಲುಂಟು.

ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯದಲ್ಲಿ 1909ರಲ್ಲಿ ನಗರಯೋಜನೆಯ ಬೋಧನೆಗೆಂದೇ ಒಂದು ವಿಭಾಗ ಏರ್ಪಟ್ಟಿತು. ಅದಕ್ಕೆ ಹಣ ಕೊಟ್ಟವನು ವಿಲಿಯಂ ಲೀವರ್. ನಮ್ಮ ಬಚ್ಚಲು ಮನೆಗಳಿಗೂ ಪರಿಚಿತವಾಗಿದ್ದ ಸನ್‌ಲೈಟ್ ಸಾಬೂನಿನ ತಯಾರಕ. ಪತ್ರಿಕೆಗಳ ಮೇಲೆ ಹೂಡಿದ್ದ ಮಾನನಷ್ಟದ ಮೊಕದ್ದಮೆಯಲ್ಲಿ ಗೆದ್ದು ಬಂದ ಹಣದ ಒಂದು ಭಾಗವನ್ನು ಆತ ಹೀಗೆ ವಿದ್ಯೆಗೆ ಸಲ್ಲಿಸಿದ. ಸ್ಟ್ಯಾನ್ಲಿ ಆಡ್ಸ್‌ಹೆಡ್ ಅಲ್ಲಿಯ ಮೊದಲ ಪ್ರಾಧ್ಯಾಪಕರಾದರು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಮನೆ ಮತ್ತು ನಗರಯೋಜನೆಯ ಕಾನೂನನ್ನು ಅಂಗೀಕರಿಸಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯವೂ ಆ ಹೊತ್ತಿಗೇ ಈ ವಿಷಯದಲ್ಲಿ ಪಾಠ ಆರಂಭಿಸಿ, 1929ರಲ್ಲಿ ಅದಕ್ಕೆ ಪ್ರತ್ಯೇಕ ಶಾಲೆಯನ್ನೇ ತೆರೆಯಿತು.

ಆ ಕಾಲದ ಕೈಗಾರಿಕಾ ಪಟ್ಟಣಗಳ ಸ್ಥಿತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಗಿರಣಿಯ ಹೊಗೆ, ಗಾಳಿ ಬೆಳಕಿಲ್ಲದ ಸಾಲುಮನೆ, ಮೋರಿಯ ಪಕ್ಕದಲ್ಲೇ ಕುಡಿಯುವ ನೀರು. ಅಗಲವಾದ ಬೀದಿ, ನೆಟ್ಟಗಿನ ಗೆರೆ, ಮನೆಮನೆಗೂ ಬಿಸಿಲು ಎಂಬ ಪಾಠ ಅಲ್ಲಿಗೆ ಬೇಕಾದ ಔಷಧವೇ ಆಗಿತ್ತು. ತೊಂದರೆ ಬಂದದ್ದು ಅದೇ ಸೀಸೆಯನ್ನು ಗುರುತಿನ ಚೀಟಿಯೂ ಬದಲಾಗದಂತೆ ಹಡಗಿಗೆ ಏರಿಸಿದಾಗ.

ನಮ್ಮ ದೇಶದಲ್ಲಿ ನಗರಯೋಜನೆಯ ಮಾತು ಪ್ಲೇಗಿನ ಬೆನ್ನು ಹಿಡಿದು ಬಂದಿತು. 1896ರಲ್ಲಿ ಮುಂಬಯಿಗೆ ಹೊಕ್ಕ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಬಾಧಿಸಿತು. ಮುಂಬಯಿಯಲ್ಲಿ 1898ರಲ್ಲಿ ನಗರಸುಧಾರಣಾ ಟ್ರಸ್ಟು ಹುಟ್ಟಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಕಾಲದಲ್ಲಿಯೇ. ಹೊರಗಿನ ಬಯಲಿನಲ್ಲಿ ಹೊಸ ಬಡಾವಣೆ ಹಾಕುವುದು ಒಂದು ಬಗೆಯ ಕೆಲಸ. ಅಲ್ಲಿ ನೇರವಾದ ಬೀದಿ, ಹಿತ್ತಿಲು, ಉದ್ಯಾನ ಎಲ್ಲವೂ ಒಪ್ಪುತ್ತವೆ. ಹಳೆಯ ಪೇಟೆಯ ನಡುವೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಆ ಗೆರೆಗೆ ಅಡ್ಡ ಬಂದ ಮನೆಗಳನ್ನು ಕೆಡಹುವುದು ಬೇರೆಯೇ ಕೆಲಸ. ನಕಾಶೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಆದರೆ ಎರಡನೆಯದರಲ್ಲಿ ಮನೆ ಕಳೆದುಕೊಂಡವರು ಎಲ್ಲಿಗೆ ಹೋಗಬೇಕು? ಪಕ್ಕದ ಓಣಿಗೆ. ಅಲ್ಲಿ ಆಗಲೇ ಇದ್ದ ಇಕ್ಕಟ್ಟು ಇನ್ನಷ್ಟು ಹೆಚ್ಚುತ್ತದೆ. ಒಂದು ಬೀದಿ ಅಗಲವಾದಾಗ ಹತ್ತು ಓಣಿ ಇಕ್ಕಟ್ಟಾಗುವ ಈ ಲೆಕ್ಕವನ್ನು ಆ ಕಾಲದ ಪಠ್ಯಕ್ರಮ ಕಲಿಸಿರಲಿಲ್ಲ.

ಈ ಲೆಕ್ಕವನ್ನು ಎತ್ತಿ ತೋರಿಸಿದವರು ಸ್ಕಾಟ್‌ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್. 1854ರಲ್ಲಿ ಹುಟ್ಟಿದ ಇವರು ಇಂಜಿನಿಯರರೂ ಅಲ್ಲ, ವಾಸ್ತುಶಿಲ್ಪಿಯೂ ಅಲ್ಲ. ಹಕ್ಸ್ಲಿಯವರ ಬಳಿ ಜೀವಶಾಸ್ತ್ರ ಕಲಿತು, ಡಂಡಿಯಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಗಿಡವನ್ನು ನೋಡುವ ಕಣ್ಣಿನಿಂದಲೇ ಅವರು ಊರನ್ನೂ ನೋಡಿದರು. ಗಿಡ ಬಾಡಿದ್ದರೆ ಅದನ್ನು ಕಿತ್ತೆಸೆದು ಬೇರೊಂದನ್ನು ನೆಡಬೇಕೆಂದು ತೋಟಗಾರ ಹೇಳುವುದಿಲ್ಲ. ಬೇರಿಗೆ ನೀರು ಮುಟ್ಟುತ್ತಿದೆಯೆ, ಮಣ್ಣು ಹೇಗಿದೆ, ಹುಳು ಎಲ್ಲಿ ಹತ್ತಿದೆ ಎಂದು ಮೊದಲು ನೋಡುತ್ತಾನೆ.

ಮದ್ರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡರ ಆಹ್ವಾನದ ಮೇಲೆ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಹೊರಟರು. ಜಗತ್ತಿನ ನಗರಗಳ ನಕಾಶೆ, ಚಿತ್ರಗಳಿಂದ ಕೂಡಿದ ಅವರ ದೊಡ್ಡ ಪ್ರದರ್ಶನವು ಬೇರೆ ಹಡಗಿನಲ್ಲಿ ಬರುತ್ತಿತ್ತು. ಮದ್ರಾಸಿನ ಮೇಲೆ ಗುಂಡು ಹಾರಿಸಿ ಹೆಸರಾದ ಜರ್ಮನ್ ಯುದ್ಧನೌಕೆ ಎಮ್ಡನ್ ಆ ಹಡಗನ್ನು ಮುಳುಗಿಸಿತು. ಹಲವು ವರ್ಷಗಳ ಸಂಗ್ರಹ ಸಮುದ್ರದ ಪಾಲಾಯಿತು. ಬ್ರಿಟನ್ನಿನಲ್ಲಿದ್ದ ಸ್ನೇಹಿತರು ಮತ್ತೊಂದು ಸಂಗ್ರಹವನ್ನು ಕೂಡಿಸಿ ಕಳುಹಿಸಿದರು; 1915ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು.

ಆದರೆ ಗೆಡ್ಡಿಸ್ ಅವರ ನಿಜವಾದ ಬೋಧನೆ ಪ್ರದರ್ಶನದ ಗೋಡೆಗಳ ಮೇಲೆ ಇರಲಿಲ್ಲ. ಯಾವ ಊರಿಗೆ ಹೋದರೂ ಅವರು ಮೊದಲು ಕೈಯಲ್ಲಿ ನಕಾಶೆ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ಚಿಕಿತ್ಸೆಗೆ ಮುಂಚೆ ರೋಗಪರೀಕ್ಷೆ ಎಂಬುದು ಅವರ ಸೂತ್ರ. ತಂಜಾವೂರು ಮುಂತಾದ ಕಡೆ ಇಂಜಿನಿಯರರು ಹಳೆಯ ಕೇರಿಗಳ ಮೇಲೆ ಚೌಕುಳಿಯಾಗಿ ಹೊಸ ಬೀದಿಗಳನ್ನು ಎಳೆದಿದ್ದಲ್ಲಿ, ಇವರು ನಡೆದು ನೋಡಿ ಬೇರೆ ದಾರಿ ಹೇಳಿದರು. ಬಿದ್ದುಹೋಗಿರುವ ನಾಲ್ಕು ಮನೆಗಳನ್ನಷ್ಟೆ ತೆಗೆಯಿರಿ. ಇರುವ ಖಾಲಿ ಜಾಗಗಳನ್ನು ಕೂಡಿಸಿ. ಓಣಿಯ ಮೂಲೆಯಲ್ಲಿ ಒಂದು ಮರಕ್ಕೂ ಕಟ್ಟೆಗೂ ಎಡೆ ಮಾಡಿರಿ. ಗಾಳಿ ತಾನಾಗಿ ಬರುತ್ತದೆ, ವೆಚ್ಚವೂ ಬಹಳ ಕಡಮೆ. ಅಂಗವನ್ನು ಉಳಿಸಿಕೊಂಡು ಮಾಡುವ ಈ ಬಗೆಯ ಶಸ್ತ್ರಚಿಕಿತ್ಸೆಯೇ ಅವರ ಹೆಸರಿನೊಡನೆ ಉಳಿದ ಪಾಠ. ಸೊಳ್ಳೆಯ ಭಯದಿಂದ ಕೆರೆಗಳನ್ನು ಮುಚ್ಚಿಸಲು ಹೊರಟ ಅಧಿಕಾರಿಗಳನ್ನು ತಡೆದು, ಕೆರೆಯನ್ನು ಉಳಿಸಿ, ಚೊಕ್ಕಟಮಾಡಿ, ಮೀನು ಬಿಡಿರೆಂದು ಅವರು ವಾದಿಸಿದರು. ಕೆರೆಗಳನ್ನು ಕಳೆದುಕೊಂಡ ಬೆಂಗಳೂರಿನವರಿಗೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇಂದೂರಿನಲ್ಲಿ ಅವರು ಮಾಡಿದ ಪಾಠ ಇನ್ನೂ ಸ್ವಾರಸ್ಯವಾದುದು. ಪ್ಲೇಗಿನಿಂದ ಊರು ಕಂಗೆಟ್ಟಿತ್ತು. 1917ರ ದೀಪಾವಳಿಗೆ ಒಂದು ದೊಡ್ಡ ಮೆರವಣಿಗೆ ಹೊರಡಿಸುವ ಏರ್ಪಾಟಾಯಿತು. ಯಾವ ದಾರಿಯಲ್ಲಿ ಮನೆಗಳನ್ನು ಹೆಚ್ಚಾಗಿ ಗುಡಿಸಿ, ಸಾರಿಸಿ, ದುರಸ್ತಿ ಮಾಡಿರುತ್ತಾರೋ ಆ ದಾರಿಯಲ್ಲೇ ಮೆರವಣಿಗೆ ಸಾಗುವುದೆಂದು ಗೆಡ್ಡಿಸ್ ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿದು ನಿಂತಿತು. ಗಾಡಿಗಟ್ಟಲೆ ಕಸ ಹೊರಹೋಯಿತು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸನೂ ಪ್ಲೇಗಿನ ಇಲಿಯೂ ಇದ್ದುವು, ಲಕ್ಷ್ಮಿಯೂ ಇದ್ದಳು. ಬೀದಿ ಗುಡಿಸುವವರು ಬಿಳಿಯ ಬಟ್ಟೆಯುಟ್ಟು ಹೂವಿನ ಹಾರ ಹಾಕಿಕೊಂಡು ನಡೆದರು. ಊರನ್ನು ಚೊಕ್ಕಟವಾಗಿ ಇಡುವವರಿಗೆ ಊರು ಗೌರವ ಸಲ್ಲಿಸಬೇಕೆಂಬುದು ಪರದೇಶದಿಂದ ಬಂದ ಗುರು ನಮ್ಮ ಹಬ್ಬದ ಮೂಲಕವೇ ನಮಗೆ ಕಲಿಸಿದ ಪಾಠ. ಪರದೇಶದ ಹಬ್ಬವನ್ನು ಆತ ತರಲಿಲ್ಲವೆಂಬುದನ್ನು ಗಮನಿಸಬೇಕು.

1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರಗಳಿಗೆ ಒಂದು ಪೀಠವನ್ನು ಸ್ಥಾಪಿಸಿ ಗೆಡ್ಡಿಸ್ ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆಯಿತು. 1924ರವರೆಗೆ ಅವರು ಅಲ್ಲಿದ್ದರು. ಅವರ ಅನಂತರ ಜಿ. ಎಸ್. ಘುರ್ಯೆಯವರು ವಿಭಾಗದ ಮುಖ್ಯರಾದರು. ಸಮಾಜಶಾಸ್ತ್ರ ಅಲ್ಲಿ ಹುಲುಸಾಗಿ ಬೆಳೆಯಿತು. ಊರು ತಿರುಗಿ ಊರನ್ನು ಕಲಿಯುವ ಎಳೆ ಮಾತ್ರ ಸಡಿಲವಾಯಿತು. ಸುಮಾರು 50 ಊರುಗಳ ಬಗೆಗೆ ಗೆಡ್ಡಿಸ್ ಬರೆದ ವರದಿಗಳಲ್ಲಿ ಬಹುಪಾಲು ಕಪಾಟುಗಳಲ್ಲಿ ಉಳಿದುವು. ರಾಜರೂ ಗವರ್ನರರೂ ಕರೆಸಿದ ಗುರುವಿನ ಮಾತು ಅವರ ಮರ್ಜಿ ಇರುವತನಕ ಮಾತ್ರ ನಡೆದೀತು. ಅದನ್ನು ಮುಂದುವರಿಸಬಲ್ಲ ಶಿಷ್ಯರ ಸಾಲು ನಮ್ಮಲ್ಲಿ ಸಿದ್ಧವಾಗಿರಲಿಲ್ಲ.

ಆ ವರದಿಗಳಿಗೆ ಪುನರ್ಜನ್ಮ ಬಂದದ್ದು ಒಬ್ಬ ಮಹಿಳೆಯ ಪ್ರಯತ್ನದಿಂದ. ಜಾಕ್ವೆಲಿನ್ ಟಿರ್ವಿಟ್ ಎಂಬುದು ಅವರ ಹೆಸರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅವರು ಲಂಡನ್ನಿನಿಂದ ಸೈನ್ಯದಲ್ಲಿದ್ದ ತರುಣರಿಗೆ ಅಂಚೆಯ ಮೂಲಕ ನಗರಯೋಜನೆಯ ಪಾಠಗಳನ್ನು ನಡೆಸುತ್ತಿದ್ದರು. ಬಾಂಬಿನಿಂದ ಹಾಳಾದ ಊರುಗಳನ್ನು ನಾಳೆ ಕಟ್ಟಬೇಕಾದವರು ಅವರಲ್ಲವೆ! ಗೆಡ್ಡಿಸ್ ಅವರ ಭಾರತದ ವರದಿಗಳಿಂದ ಆಯ್ದ ಭಾಗಗಳನ್ನು ಟಿರ್ವಿಟ್ 1947ರಲ್ಲಿ ಪುಸ್ತಕವಾಗಿ ಹೊರತಂದರು. ನಮ್ಮ ಓಣಿಗಳಲ್ಲಿ ಹುಟ್ಟಿದ ಪಾಠ ಹೀಗೆ ಪಶ್ಚಿಮದ ತರಗತಿಗಳಿಗೆ ಹೊರಟಿತು. ಮುಂದೆ ಅವರು ಟೊರಾಂಟೊ, ಹಾರ್ವರ್ಡ್‌ಗಳಲ್ಲಿ ಬೋಧಿಸಿದರು. 1954ರಲ್ಲಿ ವಿಶ್ವಸಂಸ್ಥೆಯು ದೆಹಲಿಯಲ್ಲಿ ವಸತಿಯ ಬಗೆಗೆ ಗೋಷ್ಠಿ ನಡೆಸಿದಾಗ ಅದರ ಹೊಣೆ ಹೊತ್ತರು. ವಿದ್ಯೆ ಯಾವಾಗಲೂ ಪಶ್ಚಿಮದಿಂದ ಪೂರ್ವಕ್ಕೇ ಹರಿಯುತ್ತದೆಂದು ನಂಬಿದವರಿಗೆ ಈ ಪುಸ್ತಕವೊಂದೇ ಸಾಕು, ಉತ್ತರಕ್ಕೆ.

ಇನ್ನು ಮೈಸೂರು ಸಂಸ್ಥಾನದ ಕಡೆ ಬರೋಣ. 1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ ಜರ್ಮನಿಯಲ್ಲಿ ಯೆಹೂದ್ಯ ನೌಕರರು ಕೆಲಸ ಕಳೆದುಕೊಂಡರು. ಅವರಲ್ಲಿ ಬರ್ಲಿನ್ನಿನ ಆಟೋ ಕೋನಿಗ್ಸ್‌ಬರ್ಗರ್ ಎಂಬ ತರುಣ ವಾಸ್ತುಶಿಲ್ಪಿಯೂ ಒಬ್ಬ. ಕೆಲವು ವರ್ಷ ಈಜಿಪ್ಟಿನಲ್ಲಿ ಕಳೆದ ಮೇಲೆ 1939ರಲ್ಲಿ ಅವರು ಬೆಂಗಳೂರಿಗೆ ಬಂದು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಇವರಿಗಿಂತ ಮೊದಲೇ, 1935-36ರಲ್ಲಿ, ಸಿ. ವಿ. ರಾಮನ್ ಅವರ ಆಹ್ವಾನದಿಂದ ಟಾಟಾ ಇನ್ಸ್ಟಿಟ್ಯೂಟಿಗೆ ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಅದೇ ಇನ್ಸ್ಟಿಟ್ಯೂಟಿನಲ್ಲಿ ವಿಮಾನ ವಿಜ್ಞಾನದ ವಿಭಾಗ, ಲೋಹಶಾಸ್ತ್ರದ ವಿಭಾಗ, ಭೋಜನಶಾಲೆ ಮೊದಲಾದ ಕಟ್ಟಡಗಳನ್ನು ಕೋನಿಗ್ಸ್‌ಬರ್ಗರ್ ರೂಪಿಸಿದರು. ಬಿಸಿಲನ್ನು ತಡೆಯುವುದು ಹೇಗೆ, ಗಾಳಿಯನ್ನು ಆಚೆಯಿಂದ ಈಚೆಗೆ ಹಾಯಿಸುವುದು ಹೇಗೆ ಎಂಬ ಚಿಂತೆ ಆ ಕಟ್ಟಡಗಳಲ್ಲಿ ಎದ್ದು ಕಾಣುತ್ತದೆ. ಬರ್ಲಿನ್ನಿನಲ್ಲಿ ಬಿಸಿಲನ್ನು ಮನೆಯೊಳಗೆ ಕರೆಯುವುದನ್ನು ಕಲಿತಿದ್ದವರಿಗೆ ಇಲ್ಲಿ ಅದನ್ನು ಹೊರಗೆ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಜಗಲಿ, ತೊಟ್ಟಿ, ಮುಂಚಾಚಿದ ಸೂರುಗಳ ಬೆಲೆಯನ್ನು ಬಲ್ಲ ನಾಡಿನಲ್ಲಿ ಕಲಿಯುವುದಕ್ಕೆ ಬೇಕಾದಷ್ಟು ಇತ್ತು.

ಅವರು ಕಟ್ಟಡಗಳಲ್ಲಿಯೇ ನಿಲ್ಲಲಿಲ್ಲ. ಜಮ್ಷೆಡ್‌ಪುರದ ಬೆಳವಣಿಗೆಗೂ 1948ರಲ್ಲಿ ಒರಿಸ್ಸದ ಹೊಸ ರಾಜಧಾನಿ ಭುವನೇಶ್ವರಕ್ಕೂ ಯೋಜನೆ ಬರೆದರು. ಅಮೆರಿಕದಲ್ಲಿ ಕ್ಲಾರೆನ್ಸ್ ಪೆರಿ 1929ರಲ್ಲಿ ವಿವರಿಸಿದ್ದ ನೆರೆಹೊರೆಯ ಘಟಕವೆಂಬ ಕಲ್ಪನೆ ಅವುಗಳಲ್ಲಿತ್ತು. ನಡುವೆ ಶಾಲೆ, ಸುತ್ತ ಮನೆಗಳು. ಮಗು ದೊಡ್ಡ ರಸ್ತೆಯನ್ನು ದಾಟದೆ ಶಾಲೆಗೆ ಹೋಗಬೇಕು. ದೂರದಿಂದ ಬಂದ ಕಲ್ಪನೆಯಾದರೂ ತಾಯಂದಿರಾರೂ ಇದನ್ನು ಬೇಡವೆನ್ನರು. ಪರದೇಶದ್ದೆಂಬ ಕಾರಣಕ್ಕೇ ಒಂದು ಪಾಠ ಕೆಟ್ಟದಲ್ಲವೆಂಬುದನ್ನು ಇಲ್ಲಿ ಹೇಳಿಬಿಡಬೇಕು.

1948ರಲ್ಲಿ ಕೋನಿಗ್ಸ್‌ಬರ್ಗರ್ ಭಾರತ ಸರ್ಕಾರದ ವಸತಿ ನಿರ್ದೇಶಕರಾಗಿ ದೆಹಲಿಗೆ ಹೋದರು. ದೇಶ ಒಡೆದು ಲಕ್ಷಾಂತರ ನಿರಾಶ್ರಿತರು ಬಂದಿದ್ದ ಕಾಲ. ಕೈಯಿಂದ ಒಂದೊಂದೇ ಮನೆ ಕಟ್ಟುತ್ತ ಕುಳಿತರೆ ಪೂರೈಸುವುದೆಂದು? ಬ್ರಿಟಿಷ್ ಕಂಪನಿಯೊಂದರ ನೆರವಿನಿಂದ ದೆಹಲಿಯಲ್ಲಿ ಸರ್ಕಾರದ ಮನೆಯ ಕಾರ್ಖಾನೆ ಏರ್ಪಟ್ಟಿತು. ಹಗುರವಾದ ಕಾಂಕ್ರೀಟಿನ ಹಲಗೆಗಳನ್ನು ಅಲ್ಲಿ ಎರಕ ಹೊಯ್ದು, ಲಾರಿಯಲ್ಲಿ ಒಯ್ದು, ಬೇಕಾದಲ್ಲಿ ಜೋಡಿಸುವ ಉಪಾಯ. ಕಾಗದದ ಮೇಲೆ ಅದು ಸೊಗಸಾಗಿತ್ತು. ಆದರೆ ಹಲಗೆಗಳು ಬಿರುಕು ಬಿಟ್ಟುವು, ಸಾಗಿಸುವಾಗ ಮುರಿದುವು. ಪಾರ್ಲಿಮೆಂಟಿನಲ್ಲಿ ಕಟುವಾದ ಟೀಕೆ ಬಂದಿತು, ಯೋಜನೆ ನಿಂತಿತು. ಸೂರಿಲ್ಲದವರು ಸೂರಿಲ್ಲದೆಯೇ ಕಾದರು. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಹನ್ನೆರಡು ವರ್ಷಗಳ ಅನುಭವ ಅವರ ಜೊತೆಯಲ್ಲಿ ಹೋಯಿತು. ಅದರಲ್ಲಿ ಆ ಬಿರುಕು ಬಿಟ್ಟ ಹಲಗೆಗಳ ಪಾಠವೂ ಸೇರಿತ್ತು.

ಆ ಅನುಭವಕ್ಕೆ ತಕ್ಕ ತರಗತಿ ಹುಟ್ಟಿದ್ದು ಒಬ್ಬ ವಿದ್ಯಾರ್ಥಿಯ ಅಸಮಾಧಾನದಿಂದ. ಇಂಗ್ಲೆಂಡಿನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ನೈಜೀರಿಯದ ಅಡೆಡೊಕುನ್ ಅಡೆಯೆಮಿ, ಇಲ್ಲಿ ಕಲಿತದ್ದು ಬಿಸಿಲು ನಾಡಿನ ನಮಗೆ ಒದಗುವುದಿಲ್ಲವೆಂದು ತೋಡಿಕೊಂಡರು. 1953ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕುರಿತು ಒಂದು ಸಮ್ಮೇಳನ ಸೇರಿತು. 1954ರಲ್ಲಿ ಅಲ್ಲಿಯ ಆರ್ಕಿಟೆಕ್ಚರಲ್ ಅಸೋಸಿಯೇಷನ್ ಎಂಬ ಶಾಲೆಯಲ್ಲಿ ಅದಕ್ಕಾಗಿಯೇ ಆರು ತಿಂಗಳ ಶಿಕ್ಷಣ ಆರಂಭವಾಯಿತು. ಕೆಲವು ವರ್ಷಗಳಲ್ಲಿ ಅದರ ಹೊಣೆ ಕೋನಿಗ್ಸ್‌ಬರ್ಗರ್ ಅವರ ಮೇಲೆ ಬಿದ್ದಿತು. ಆಫ್ರಿಕ, ಏಷ್ಯ, ದಕ್ಷಿಣ ಅಮೆರಿಕಗಳ ವಿದ್ಯಾರ್ಥಿಗಳು ಬಂದರು. ಸೆಕೆಯ ನಾಡಿನಲ್ಲಿ ಮನೆ ಕಟ್ಟುವುದನ್ನು ಕಲಿಯಲು ಮಂಜಿನ ನಾಡಿಗೆ ಹೋಗಬೇಕಾದುದು ವಿಚಿತ್ರವೇ ಸರಿ. ಹಣವೂ ಪುಸ್ತಕಭಂಡಾರಗಳೂ ಎಲ್ಲಿರುತ್ತವೆಯೋ ಅಲ್ಲಿಗೆ ವಿದ್ಯೆ ಹೋಗಿ ಕೂಡುತ್ತದೆ. ಈ ಅಸಮತೆ ಇಂದಿಗೂ ಅಳಿದಿಲ್ಲ.

ಆದರೂ ಆ ತರಗತಿಯಲ್ಲಿ ಒಂದು ಹೊಸತನವಿದ್ದಿತು. ಇಂಥ ಮನೆ ಕಟ್ಟಿರಿ, ಇಂಥ ಬೀದಿ ಎಳೆಯಿರಿ ಎಂಬ ಮಾದರಿಯನ್ನು ಕೈಗಿಡುವ ಬದಲು, ನಿಮ್ಮ ಊರಿನ ತಾಪ ಎಷ್ಟು, ತೇವ ಎಷ್ಟು, ಗಾಳಿ ಯಾವ ತಿಂಗಳಿನಲ್ಲಿ ಯಾವ ಕಡೆಯಿಂದ, ಕೈಗೆ ಸಿಗುವ ಸಾಮಾನು ಯಾವುದು ಎಂದು ಕೇಳಿ, ಉತ್ತರದಿಂದ ಕಟ್ಟಡದ ರೂಪಕ್ಕೆ ಬರುವ ಕ್ರಮವನ್ನು ಕಲಿಸಲಾಯಿತು. ಆ ಕ್ರಮವನ್ನೊಳಗೊಂಡ ಕೈಪಿಡಿ 1974ರಲ್ಲಿ ಅಚ್ಚಾಯಿತು. ಮನೆಯಿಂದ ಊರಿಗೆ ಬಂದಾಗಲೂ ಇದೇ ಧೋರಣೆ. ಕೋನಿಗ್ಸ್‌ಬರ್ಗರ್ ಬೆಂಗಳೂರಿನಲ್ಲಿದ್ದ ದಶಕದ ಲೆಕ್ಕವನ್ನೇ ನೋಡಿ. 1941ರಲ್ಲಿ ನಗರ ಮತ್ತು ದಂಡು ಪ್ರದೇಶ ಸೇರಿ ಜನಸಂಖ್ಯೆ ಸುಮಾರು 4 ಲಕ್ಷ. 1951ರಲ್ಲಿ ಸುಮಾರು 7 ಲಕ್ಷ 80 ಸಾವಿರ. ಊರು ಇಷ್ಟು ವೇಗದಿಂದ ಬೆಳೆಯುವಾಗ ಇಪ್ಪತ್ತು ವರ್ಷಗಳ ಮಹಾಯೋಜನೆಯನ್ನು ಬರೆದು, ಬಣ್ಣ ಹಚ್ಚಿ, ಮಂಜೂರು ಮಾಡಿಸುವ ಹೊತ್ತಿಗೆ ನಕಾಶೆಯ ಊರೇ ಬೇರೆ, ನೆಲದ ಮೇಲಿನ ಊರೇ ಬೇರೆ ಆಗಿರುತ್ತದೆ. ಆದ್ದರಿಂದ ಯೋಜನೆಯೂ ಕೆಲಸವೂ ಕೂಡಿಯೇ ನಡೆಯಬೇಕು, ನಡೆಯುತ್ತ ತಿದ್ದಿಕೊಳ್ಳಬೇಕು ಎಂದು ಅವರು 1964ರಲ್ಲಿ ವಾದಿಸಿದರು. 1971ರಲ್ಲಿ ಈ ವಿಭಾಗ ಲಂಡನ್ ಯೂನಿವರ್ಸಿಟಿ ಕಾಲೇಜಿಗೆ ಸೇರಿ ಅಭಿವೃದ್ಧಿ ಯೋಜನೆಯ ವಿಭಾಗವಾಯಿತು. ಕೋನಿಗ್ಸ್‌ಬರ್ಗರ್ 1999ರಲ್ಲಿ ತೀರಿಕೊಂಡರು.

ಅತ್ತ ನಮ್ಮ ದೇಶದಲ್ಲಿ ಏನಾಯಿತು? 1951ರಲ್ಲಿ ನಗರಯೋಜಕರ ಸಂಸ್ಥೆ ಹುಟ್ಟಿತು. 1955ರಲ್ಲಿ ಭಾರತ ಸರ್ಕಾರ ದೆಹಲಿಯಲ್ಲಿ ನಗರ ಗ್ರಾಮ ಯೋಜನೆಯ ಶಾಲೆಯನ್ನು ತೆರೆಯಿತು. 1959ರಲ್ಲಿ ದೆಹಲಿ ಪಾಲಿಟೆಕ್ನಿಕ್ಕಿನ ವಾಸ್ತುಶಿಲ್ಪ ವಿಭಾಗವೂ ಅದರೊಡನೆ ಕೂಡಿತು. ಇನ್ನು ಮುಂದೆ ಊರು ಕಟ್ಟುವ ವಿದ್ಯೆಗೆ ಸಮುದ್ರ ದಾಟಬೇಕಾಗಿಲ್ಲವೆಂಬ ಸಂತೋಷ ಸಣ್ಣದಲ್ಲ. ಆದರೆ ಶಾಲೆ ಇಲ್ಲಿಗೆ ಬಂದ ಮಾತ್ರಕ್ಕೆ ಪಾಠವೂ ಇಲ್ಲಿಯದಾಗುವುದಿಲ್ಲ. ಬ್ರಿಟಿಷ್ ಕಾನೂನಿನ ಚೌಕಟ್ಟು, ಅಮೆರಿಕದ ವಲಯವಿಭಜನೆ ಇವೇ ಬಹುಕಾಲ ಮಾದರಿಗಳಾಗಿದ್ದುವು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಅಮೆರಿಕದ ಫೋರ್ಡ್ ಪ್ರತಿಷ್ಠಾನದ ತಜ್ಞರ ನೆರವಿನಿಂದ ಸಿದ್ಧವಾದ ದೆಹಲಿಯ ಮಹಾಯೋಜನೆ 1962ರಲ್ಲಿ ಜಾರಿಗೆ ಬಂದಿತು. ವಾಸಕ್ಕೆ ಒಂದು ವಲಯ, ವ್ಯಾಪಾರಕ್ಕೆ ಇನ್ನೊಂದು, ಕೈಗಾರಿಕೆಗೆ ಮತ್ತೊಂದು ಎಂಬುದು ಅದರ ತಳಹದಿ. ಮನೆಗೊಂದು ಮೋಟಾರು ಇರುವ ದೇಶದಲ್ಲಿ ಇದು ನಡೆದೀತು. ಕೆಳಗೆ ಅಂಗಡಿ, ಮೇಲೆ ಮನೆ. ತಂದೆ ಗಲ್ಲಾಪೆಟ್ಟಿಗೆಯ ಮುಂದೆ, ತಾಯಿ ಅಡುಗೆಮನೆಯಲ್ಲಿ, ಮಗ ಶಾಲೆಯಿಂದ ಬಂದು ತಕ್ಕಡಿಯ ಬಳಿ. ಇದು ನಮ್ಮ ಚಿಕ್ಕಪೇಟೆಯಿಂದ ಚಾಂದನೀಚೌಕದವರೆಗೆ ಪೇಟೆಯ ಬಾಳು. ವ್ಯಾಪಾರಕ್ಕೆಂದು ಗುರುತಿಸಿದ ಜಾಗ ಊರು ಬೆಳೆದಷ್ಟು ಬೆಳೆಯಲಿಲ್ಲ. ವಾಸದ ಬೀದಿಗಳಲ್ಲಿ ಅಂಗಡಿಗಳು ಎದ್ದುವು. ಕೊನೆಗೆ 2006ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಸಾವಿರಾರು ಅಂಗಡಿಗಳಿಗೆ ಬೀಗಮುದ್ರೆ ಬಿದ್ದು, ವರ್ತಕರೂ ಕೆಲಸದಾಳುಗಳೂ ಬೀದಿಗಿಳಿದರು. ಕಾನೂನನ್ನು ಮೀರಿ ಲಾಭ ಮಾಡಿಕೊಂಡವರೂ ಅವರಲ್ಲಿದ್ದರೆಂಬುದು ನಿಜ. ಆದರೆ 2007ರಲ್ಲಿ ಬಂದ ಹೊಸ ಮಹಾಯೋಜನೆ ಅನೇಕ ಬೀದಿಗಳಲ್ಲಿ ಮನೆ ಅಂಗಡಿಗಳ ಸಹವಾಸವನ್ನು ಒಪ್ಪಿಕೊಂಡಿತು. ಓಣಿಗೆ ಗೊತ್ತಿದ್ದುದನ್ನು ಪುಸ್ತಕ ಕಲಿಯುವುದಕ್ಕೆ ನಲವತ್ತೈದು ವರ್ಷ ಬೇಕಾಯಿತು.

ಇದಕ್ಕೆ ಎದುರಾಗಿ ಸಿಂಗಪುರದ ಕಥೆಯನ್ನು ಇಡಬಹುದು. 1963ರಲ್ಲಿ ವಿಶ್ವಸಂಸ್ಥೆಯ ಪರವಾಗಿ ಅಲ್ಲಿಗೆ ಹೋಗಿ ಸಲಹೆಯಿತ್ತ ಮೂವರಲ್ಲಿ ಕೋನಿಗ್ಸ್‌ಬರ್ಗರ್ ಒಬ್ಬರು. ಚಾರ್ಲ್ಸ್ ಏಬ್ರಮ್ಸ್, ಸುಸುಮು ಕೋಬೆ ಉಳಿದಿಬ್ಬರು. ಸಿಂಗಪುರದವರು ಪರದೇಶದ ಸಲಹೆಯನ್ನು ಕೇಳಿದರು; ಜೊತೆಗೆ ತಮ್ಮವರನ್ನೇ ತರಬೇತುಗೊಳಿಸಿದರು, 1971ರಲ್ಲಿ ತಮ್ಮ ದೀರ್ಘಕಾಲದ ಯೋಜನೆಯನ್ನು ಸಿದ್ಧಪಡಿಸಿದರು, ಅನಂತರವೂ ಅದನ್ನು ಮತ್ತೆ ಮತ್ತೆ ತಿದ್ದುತ್ತ ಬಂದರು. ಅಂದು ಶಿಷ್ಯನಾಗಿದ್ದ ಊರು ಇಂದು ಗುರುವಾಗಿದೆ. ಆಂಧ್ರಪ್ರದೇಶದ ರಾಜಧಾನಿ ಅಮರಾವತಿಯ ಮಹಾಯೋಜನೆಯನ್ನು 2015ರಲ್ಲಿ ಒಪ್ಪಿಸಿದವರು ಸಿಂಗಪುರದ ತಜ್ಞರು. ಸರ್ಕಾರ ಬದಲಾದ ಮೇಲೆ 2019ರಲ್ಲಿ ಅಲ್ಲಿಯ ಕೆಲಸ ನಿಂತು, 2024ರಲ್ಲಿ ಮರಳಿ ಮೊದಲಾಯಿತು. ಸಿಂಗಪುರದಿಂದ ನಕಾಶೆಯನ್ನು ತರಿಸಿಕೊಳ್ಳಬಹುದು. ಕಲಿತು, ತಿದ್ದಿ, ಮತ್ತೆ ಕಲಿಯುವ ಆ ಅಭ್ಯಾಸವನ್ನು ತರಿಸಿಕೊಳ್ಳುವುದು ಆಗದು; ಅದನ್ನು ನಾವೇ ಬೆಳಸಿಕೊಳ್ಳಬೇಕು.

ಬೆಳಸಿಕೊಳ್ಳುವುದಕ್ಕೆ ನಮ್ಮಲ್ಲಿ ಜನರುಂಟೆ? 2021ರಲ್ಲಿ ನೀತಿ ಆಯೋಗ ಹೊರಡಿಸಿದ ವರದಿ ಹೇಳುವ ಮಾತು ಚಿಂತೆಗೆ ಎಡೆಗೊಡುತ್ತದೆ. ದೇಶದ 7,933 ಪಟ್ಟಣಗಳಲ್ಲಿ ಸುಮಾರು 65 ಪಾಲು, ಎಂದರೆ ನೂರಕ್ಕೆ ಅರವತ್ತೈದಕ್ಕೆ, ಮಹಾಯೋಜನೆಯೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಮಿಗಿಲಾದ ನಗರಯೋಜಕರು ಬೇಕು; ಮಂಜೂರಾದ ಹುದ್ದೆಗಳು 4,000ಕ್ಕೂ ಕಡಮೆ; ಅವುಗಳಲ್ಲಿ ಅರ್ಧ ಖಾಲಿ. ಕೆಲವು ರಾಜ್ಯಗಳಲ್ಲಿ ಆ ಹುದ್ದೆಗೆ ನಗರಯೋಜನೆಯ ಪದವಿ ಇರಲೇಬೇಕೆಂಬ ನಿಯಮವೂ ಇಲ್ಲ. ವಿದ್ಯೆಯನ್ನು ಕಲಿತವರು ಕೆಲಸವಿಲ್ಲದೆ ಅಥವಾ ಕಂಪನಿಗಳ ನಕಾಶೆ ಬರೆಯುತ್ತ ಇರುವಾಗ, ಸಣ್ಣ ಪಟ್ಟಣಗಳ ಪುರಸಭೆಗಳು ಕೈ ಚೆಲ್ಲಿ ಕೂತಿವೆ. 1992ರ ಸಂವಿಧಾನದ 74ನೆಯ ತಿದ್ದುಪಡಿಯು ಪುರಸಭೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಮೊಟ್ಟಮೊದಲನೆಯದಾಗಿ ನಗರಯೋಜನೆಯನ್ನೇ ಹೆಸರಿಸಿತು. ಹೆಸರಿಸಿದ ಕೆಲಸವನ್ನು ಮಾಡಬಲ್ಲ ಕೈಗಳನ್ನು ಸಿದ್ಧಮಾಡುವುದು ಶಾಲೆಗಳ ಹೊಣೆ. ಆ ಕೈಗಳಿಗೆ ಕೆಲಸ ಕೊಡುವುದು ಸರ್ಕಾರದ ಹೊಣೆ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮಲ್ಲಿ ಹೇಳುತ್ತಾರೆ. ಈ ವಿದ್ಯೆಯ ಚರಿತ್ರೆಯನ್ನು ನೋಡಿದರೆ ಮಾತಿನ ಅನುಕ್ರಮವೂ ಅರ್ಥವುಳ್ಳದ್ದೆಂದು ತೋರುತ್ತದೆ. ಮೊದಲು ಸುತ್ತು, ಆಮೇಲೆ ಓದು. ಲಿವರ್‌ಪೂಲ್, ಲಂಡನ್, ಸಿಂಗಪುರಗಳ ಪಾಠ ನಮ್ಮ ವಿದ್ಯಾರ್ಥಿಗಳಿಗೆ ಬೇಡವೆನ್ನುವುದು ಬಾವಿಯ ಕಪ್ಪೆಯ ಮಾತಾದೀತು. ಆದರೆ ಹೊರಗಿನ ಮಾದರಿಯನ್ನು ತೆರೆಯುವ ಮುಂಚೆ ವಿದ್ಯಾರ್ಥಿ ತನ್ನ ಪಟ್ಟಣದ ಒಂದು ವಾರ್ಡನ್ನಾದರೂ ನಡೆದು ನೋಡಿರಬೇಕು. ಮಳೆನೀರು ಎಲ್ಲಿ ನಿಲ್ಲುತ್ತದೆ, ಮುಂಜಾನೆ ನಾಲ್ಕಕ್ಕೆ ತರಕಾರಿಯ ಗಾಡಿ ಯಾವ ದಾರಿ ಹಿಡಿಯುತ್ತದೆ, ಮುದುಕರು ಎಲ್ಲಿ ಕೂರುತ್ತಾರೆ, ಹೆಣ್ಣುಮಕ್ಕಳು ಕತ್ತಲಾದ ಮೇಲೆ ಯಾವ ಬೀದಿಯನ್ನು ಬಿಟ್ಟು ಯಾವ ಬೀದಿಯಲ್ಲಿ ನಡೆಯುತ್ತಾರೆ ಎಂಬುದು ಅವನ ಪುಸ್ತಕದಲ್ಲಿ ಬರೆದಿರಬೇಕು. ಬೇರೆ ದೇಶದ ಸಹಪಾಠಿಯೂ ತನ್ನ ಊರಿನ ಇಂಥ ಪುಸ್ತಕವನ್ನು ತಂದರೆ, ಒಬ್ಬರಿಂದೊಬ್ಬರು ಕಲಿಯುವುದಕ್ಕೆ ಆಗ ನಿಜವಾದ ಸಾಮಗ್ರಿ ಇರುತ್ತದೆ.

ಇದರಲ್ಲಿ ನಮಗೇನು ಕೆಲಸವೆಂದು ಮನೆಯಲ್ಲಿ ಕುಳಿತವರು ಕೇಳಬಹುದು. ಉಂಟು. ನಮ್ಮ ರಾಜ್ಯದ 1961ರ ನಗರ ಗ್ರಾಮ ಯೋಜನಾ ಕಾಯಿದೆಯ ಪ್ರಕಾರ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಬೇಕು. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಆ ಪ್ರಕಟಣೆಯನ್ನು ಬಹಳ ಮಂದಿ ಓದುವುದೇ ಇಲ್ಲ. ನಿಮ್ಮ ಊರಿನ ಕರಡು ಪ್ರಕಟವಾದಾಗ ಹೋಗಿ ನೋಡಿರಿ. ನಕಾಶೆಯಲ್ಲಿ ನಿಮ್ಮ ಬೀದಿಯನ್ನು, ನಿಮ್ಮ ಕೆರೆಯನ್ನು ಹುಡುಕಿರಿ. ಕೆರೆ ಇದ್ದಲ್ಲಿ ಬೇರೆ ಬಣ್ಣ ಬಿದ್ದಿದ್ದರೆ ಕಾಗದದಲ್ಲಿ ಬರೆದು ಕೊಡಿರಿ. ಗೆಡ್ಡಿಸ್ ಅವರಂಥ ಗುರುಗಳು ಓಣಿಯ ಜನರನ್ನು ಕೇಳಿ ಕಲಿತರು. ಮೇಜಿನ ಆಚೆ ಕುಳಿತ ಯೋಜಕ ಇಪ್ಪತ್ತೈದು ವರ್ಷದ ತರುಣನೋ ತರುಣಿಯೋ ಆಗಿದ್ದರೆ, ನೀವು ಆ ದಿನ ಹೇಳುವ ಮಾತು ಅವರ ಓದಿನ ಮುಂದಿನ ಪಾಠವಾಗಬಹುದು.